ಅರ್ಧಕ್ಕೆ ನಿಂತ ಪುಸ್ತಕಗಳ ವರ್ಷ

ಆ ಬೀದಿಯಲ್ಲಿ ಆಕೆಯನ್ನು ಎಲ್ಲರೂ ಕರೆಯುವುದು ಕಾಜದಕ್ಕ ಅಂತ. ಅಂಗಿಯಲ್ಲಿ ಗುಂಡಿ ತೂರಿಸುವ ಸೀಳು ಇರುತ್ತದಲ್ಲ, ದರ್ಜಿಗಳು ಅದಕ್ಕೆ ಕಾಜ ಅನ್ನುತ್ತಾರೆ. ಆ ಸೀಳಿನ ಅಂಚಿಗೆ ಕೈಯಲ್ಲೇ ದಾರ ಹೊಲಿದು ಬಿಗಿ ಮಾಡುವುದು ಆಕೆಯ ಕಸುಬು. ಮದುವೆಯಾದಾಗಿನಿಂದ ಅದೇ. ಅಂಗಿ ಹೊಲಿಯುವವನು ಒಬ್ಬ, ಹಾಕಿಕೊಂಡು ಮೆರೆಯುವವನು ಇನ್ನೊಬ್ಬ, ನಡುವೆ ಯಾರ ಲೆಕ್ಕಕ್ಕೂ ಬಾರದ ಈಕೆ. ಬೀದಿಯ ತುದಿಯ ಅಂಗಡಿಯಿಂದ ಬೆಳಿಗ್ಗೆ ಬಟ್ಟೆಯ ಗಂಟು ಬರುತ್ತದೆ, ಸಂಜೆ ವಾಪಸು ಹೋಗುತ್ತದೆ. ಮಷೀನು ಬಂದಾಗ ಇನ್ನು ಈಕೆಯ ಕೆಲಸಕ್ಕೆ ಕಲ್ಲು ಬಿತ್ತು ಅಂತ ಎಲ್ಲರೂ ಅಂದರು. ಬೀಳಲಿಲ್ಲ. ದುಬಾರಿ ಕೋಟು ಹೊಲಿಸುವ ಜನ ಇವತ್ತಿಗೂ ಕೈ ಕಾಜವೇ ಬೇಕು ಅಂತ ಹಟ ಹಿಡಿಯುತ್ತಾರೆ. ಅಂಥವರ ಹಟ ತಣ್ಣಗಿರಲಿ, ಅದರಿಂದಲೇ ಈಕೆಯ ಒಲೆ ಉರಿಯುತ್ತಿದೆ.

ಗಂಡ ಲಿಫ್ಟ್ ನಡೆಸುತ್ತಿದ್ದ. ಹಳೆಯ ಆಫೀಸು ಕಟ್ಟಡ, ಲಿಫ್ಟಿಗೆ ಜಾಲರಿ ಬಾಗಿಲು, ಒಳಗೆ ಮೂಲೆಯಲ್ಲೊಂದು ಸ್ಟೂಲು, ಸ್ಟೂಲಿನ ಮೇಲೆ ಇವನು, ಇವನ ಕೈಯಲ್ಲೊಂದು ಪುಸ್ತಕ. ಹತ್ತಿದವರು "ನಾಲ್ಕು" ಅಂದರೆ ಬೆರಳು ತಾನಾಗಿ ಗುಂಡಿ ಒತ್ತುತ್ತಿತ್ತು, ಕಣ್ಣು ಮಾತ್ರ ಪುಟ ಬಿಟ್ಟು ಏಳುತ್ತಿರಲಿಲ್ಲ. ಒಂದು ಸಲ ದೊಡ್ಡ ಸಾಹೇಬರನ್ನೇ ಮೇಲೆ ಕರೆದುಕೊಂಡು ಹೋಗಿ, ಇಳಿಸುವುದನ್ನು ಮರೆತು, ಮತ್ತೆ ಕೆಳಗೆ ತಂದು ಬಿಟ್ಟಿದ್ದನಂತೆ. ಅವನ ತಂಗಿ, ಅಂದರೆ ಕಾಜದಕ್ಕನ ನಾದಿನಿ, ಅಣ್ಣನಿಗೆ 'ಮೇಲೆಕೆಳಗೆ' ಅಂತಲೇ ಹೆಸರಿಟ್ಟಿದ್ದಳು. ಆಸ್ಪತ್ರೆಯ ಚೀಟಿ ಕೌಂಟರಿನಲ್ಲಿ ಕೂರುವ, ಬಾಯಿ ಜೋರಿನ, ಮನಸ್ಸು ಮೆತ್ತಗಿನ ಹೆಂಗಸು ಅವಳು. ಪ್ರತಿ ಭಾನುವಾರ ಅಣ್ಣನ ಮನೆಗೆ ಹಾಜರು.

ಹಳೆ ಪುಸ್ತಕದ ಅಂಗಡಿಯಲ್ಲಿ ಸಿಕ್ಕಿದ್ದನ್ನೆಲ್ಲ ತಂದು ಓದುತ್ತಿದ್ದ ಅವನು ಸಂಜೆ ಮನೆಗೆ ಬಂದು, ಟೀ ಕುಡಿದು, ಗೋಡೆಗೆ ಒರಗಿ ಕೂತು, ಓದಿದ್ದನ್ನು ಹೆಂಡತಿಗೆ ಕಥೆ ಮಾಡಿ ಹೇಳುತ್ತಿದ್ದ. ಒಂದೊಂದು ಕಥೆ ವಾರಗಟ್ಟಲೆ ನಡೆಯುತ್ತಿತ್ತು. ಆಕೆ ತಲೆಯೆತ್ತದೆ ಕಾಜ ಹೊಲಿಯುತ್ತ ಕೂತಿರುತ್ತಿದ್ದಳು. ಹೂಂ ಅನ್ನುವಷ್ಟು ಸೌಜನ್ಯವನ್ನೂ ತೋರಿಸುತ್ತಿರಲಿಲ್ಲ. ಆದರೂ ಎಲ್ಲ ಕಿವಿಗೆ ಬೀಳುತ್ತಿತ್ತು, ಎಲ್ಲ ನೆನಪಿತ್ತು.

ಹೂಂ ಅನ್ನದಿರುವುದಕ್ಕೆ ಕಾರಣ ಇತ್ತು. ಅವರಿಗೊಬ್ಬಳು ಮಗಳಿದ್ದಳು. ಆರು ವರ್ಷಕ್ಕೇ ಜ್ವರದಲ್ಲಿ ಹೋಗಿಬಿಟ್ಟಳು. ವಾರ ತುಂಬುವುದರೊಳಗೆ ಗಂಡ ಲಿಫ್ಟಿನ ಸ್ಟೂಲಿಗೆ ಹೋಗಿ ಕೂತ. ಮಗಳ ಬಟ್ಟೆಬರೆಯನ್ನೆಲ್ಲ ಒಂದು ಚೀಲಕ್ಕೆ ತುಂಬಿ ಎಲ್ಲಿಗೋ ಕೊಟ್ಟು ಬಂದ, ಹೆಂಡತಿಯನ್ನು ಒಂದು ಮಾತು ಕೇಳಲಿಲ್ಲ. ಕಣ್ಣಲ್ಲಿ ಒಂದು ಹನಿ ನೀರು ಕಾಣಲಿಲ್ಲ, ಬಾಯಲ್ಲಿ ಮಗಳ ಹೆಸರು ಮತ್ತೆ ಬರಲಿಲ್ಲ. "ನಿಮ್ಮ ಎದೇಲಿ ಇರೋದು ಲಿಫ್ಟಿನ ಮೋಟರು" ಅಂತ ಆಕೆ ಒಂದು ದಿನ ಅಂದುಬಿಟ್ಟಳು. ಅವನು ಉತ್ತರ ಕೊಡಲಿಲ್ಲ. ಕೊಡದೇ ಇದ್ದದ್ದನ್ನೇ ಆಕೆ ಒಪ್ಪಿಗೆ ಅಂತ ತಿಳಿದಳು. ಅಲ್ಲಿಂದ ಇಪ್ಪತ್ತು ವರ್ಷ ದಾಟಿದರೂ ಆ ಮನೆಯಲ್ಲಿ ಊಟದ ಮಾತು, ಬಾಡಿಗೆಯ ಮಾತು, ಸೋರುವ ನಲ್ಲಿಯ ಮಾತು ಎಲ್ಲ ನಡೆಯಿತು, ಮಗಳ ಮಾತೊಂದು ಬಿಟ್ಟು. ಕಲ್ಲಿನ ಜೊತೆ ಸಂಸಾರ ಮಾಡಿದೆ ಅಂತ ಆಕೆ ನಾದಿನಿಯ ಹತ್ತಿರ ಎಷ್ಟು ಸಲ ಹೇಳಿಕೊಂಡಳೋ. ನಾದಿನಿಯೂ ನಂಬಿದಳು. ಯಾಕೆ ನಂಬಬಾರದು? ಅಣ್ಣ ಅವಳ ಮುಂದೆಯೂ ಬಾಯಿ ಬಿಟ್ಟವನಲ್ಲ.

ಆ ಗಂಡ ಹೋದ ವರ್ಷ ಲಿಫ್ಟಿನಲ್ಲೇ, ಸ್ಟೂಲಿನ ಮೇಲೇ ತೀರಿಕೊಂಡ. ಯಾರೋ ಮೇಲಿನ ಮಹಡಿಯಲ್ಲಿ ಗಂಟೆ ಒತ್ತಿ ಒತ್ತಿ ಸಾಕಾಗಿ, ಬೈದುಕೊಂಡು ಮೆಟ್ಟಿಲಿಳಿದು ಬಂದು ನೋಡಿದ ಮೇಲೆ ವಿಷಯ ಗೊತ್ತಾಯಿತು. ಅವನ ಜಾಗಕ್ಕೆ ಬೇರೆ ಯಾರನ್ನೂ ತೆಗೆದುಕೊಳ್ಳಲಿಲ್ಲ. ಹತ್ತಿದವರೇ ಗುಂಡಿ ಒತ್ತಿಕೊಳ್ಳಲಿ ಅಂತ ಒಂದು ಬೋರ್ಡು ಹಾಕಿ ಕೈತೊಳೆದುಕೊಂಡರು.

ಆಮೇಲಿನ ಸಂಜೆಗಳು ಕಾಜದಕ್ಕನಿಗೆ ಬಲು ಉದ್ದವಾದವು. ಕಥೆ ಬೇಡವಾಗಿದ್ದವಳಿಗೆ ಈಗ ಕಥೆಯಿಲ್ಲದೆ ಸೂಜಿ ಓಡುತ್ತಿರಲಿಲ್ಲ. ಅದನ್ನು ಬಾಯಿಬಿಟ್ಟು ಹೇಳಿಕೊಳ್ಳುವ ಜಾತಿಯಲ್ಲ ಆಕೆ. ಆದರೆ ನಾದಿನಿಯ ಕಣ್ಣು ಸಣ್ಣದಲ್ಲ. ವರ್ಷದ ಕೊನೆಯ ಒಂದು ಭಾನುವಾರ ಬಂದವಳು ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದಳು.

"ಅತ್ತಿಗೆ, ನಮ್ಮ ಲೈಬ್ರರೀಲಿ ಪಂಥ ಹಾಕಿದಾರೆ. ಸೇರ್ಕೋ."

ಆ ಬಡಾವಣೆಯ ಲೈಬ್ರರಿಯಲ್ಲಿ ವರ್ಷಕ್ಕೊಂದು ಓದುವ ಪಂಥ ನಡೆಯುತ್ತಿತ್ತು. ಲೈಬ್ರರಿ ಮೇಡಮ್ಮು ಒಂದು ವಿಷಯ ಹೇಳುತ್ತಾರೆ, ಅದರ ಮೇಲೆ ತಿಂಗಳಿಗೊಂದರಂತೆ ಹನ್ನೆರಡು ಪುಸ್ತಕ ಓದಿ ಮುಗಿಸಬೇಕು. ಒಂದು ವರ್ಷ ಸಮುದ್ರದ ಪುಸ್ತಕಗಳು, ಇನ್ನೊಂದು ವರ್ಷ ಕಳ್ಳರ ಪುಸ್ತಕಗಳು. ಕಳ್ಳರ ವರ್ಷ ನಾದಿನಿಯೂ ಸೇರಿದ್ದಳು, ಎರಡನೇ ಕಳ್ಳ ಸಿಕ್ಕಿಬೀಳುವ ಮೊದಲೇ ಕೈಬಿಟ್ಟಳು. ಈ ಸಲದ ವಿಷಯ ಬೇರೆ ಥರ. ಅವರವರ ಮನೆಯಲ್ಲಿ ಅರ್ಧಕ್ಕೆ ನಿಂತ ಪುಸ್ತಕಗಳನ್ನು ಮುಗಿಸುವುದು. ಮುಗಿಸಿದ ಮೇಲೆ ಪುಸ್ತಕ ತಂದು ತೋರಿಸಬೇಕು, ಅದು ಯಾಕೆ ಅರ್ಧಕ್ಕೆ ನಿಂತಿತ್ತು ಅನ್ನುವುದನ್ನು ಒಂದೇ ಒಂದು ಮಾತಿನಲ್ಲಿ ಹೇಳಬೇಕು, ಮೇಡಮ್ಮು ಕಾರ್ಡಿಗೆ ಮುದ್ರೆ ಒತ್ತುತ್ತಾರೆ.

"ನಾನು ಯಾವ ಪುಸ್ತಕ ಓದಿದೀನಿ ಅರ್ಧಕ್ಕೆ ನಿಲ್ಸೋಕೆ?" ಅಂದಳು ಕಾಜದಕ್ಕ.

"ನೀನು ಓದಿಲ್ಲ. ಮೇಲೆಕೆಳಗೆ ಓದಿಲ್ವಾ? ಅಲ್ನೋಡು, ಗೋಡೆ ತುಂಬ ಇದೆ."

ನಾದಿನಿ ಹೋದ ಮೇಲೆ ಆಕೆ ಸುಮ್ಮನೆ ನೋಡೋಣ ಅಂತ ಸ್ಟೂಲು ಹತ್ತಿದಳು. ಪುಸ್ತಕಗಳನ್ನು ಒಂದೊಂದಾಗಿ ಕೊಡವುತ್ತ ಹೋದಾಗ ಕೆಲವದರ ನಡುವೆ ಬಟ್ಟೆಯ ಪಟ್ಟಿಗಳು ಕಂಡವು. ಅವು ಆಕೆಯದೇ ಪಟ್ಟಿಗಳು. ಕಾಜ ಹೊಲಿಯುವ ಮೊದಲು ಕೈ ಸರಿಹೋಗಲಿ ಅಂತ ಅದೇ ಬಟ್ಟೆಯ ಒಂದು ಚೂರಿನ ಮೇಲೆ ಒಂದು ಕಾಜ ಹೊಲಿದು ನೋಡುವುದು ಆಕೆಯ ಪದ್ಧತಿ. ನೋಡಿದ ಮೇಲೆ ಚೂರು ಬುಟ್ಟಿಗೆ. ಆ ಬುಟ್ಟಿಯಿಂದ ಅವನು ಆರಿಸಿಕೊಂಡು ಗುರುತಿಗೆ ಇಟ್ಟಿದ್ದಾನೆ. ಪಟ್ಟಿ ಇರುವ ಪುಸ್ತಕ ಎಣಿಸಿದರೆ ಹನ್ನೆರಡಕ್ಕಿಂತ ಹೆಚ್ಚೇ ಇದ್ದವು.

ಆಕೆಗೆ ಸ್ವಲ್ಪ ವಿಚಿತ್ರ ಅನ್ನಿಸಿತು. ಈ ಕಥೆಗಳನ್ನೆಲ್ಲ ಅವನು ಕೊನೆಯವರೆಗೂ ಹೇಳಿದ್ದ. ಒಂದನ್ನೂ ನಡುವೆ ಬಿಟ್ಟಿರಲಿಲ್ಲ. ಎರಡನೇ ಸಲ ಓದಲು ಹೊರಟು ಬೇಜಾರಾಗಿ ಬಿಟ್ಟಿರಬೇಕು, ಸೋಮಾರಿ ಮನುಷ್ಯ, ಅಂತ ತಾನೇ ಒಂದು ತೀರ್ಪು ಕೊಟ್ಟುಕೊಂಡಳು. ಕೊಟ್ಟುಕೊಂಡ ಮೇಲೆ ಒಂದು ಉಪಾಯವೂ ಹೊಳೆಯಿತು. ಮೊದಲರ್ಧ ಹೇಗೂ ಅವನ ಬಾಯಿಂದ ಕೇಳಿದೆ. ಪಟ್ಟಿ ಇರುವ ಕಡೆಯಿಂದ ಓದಿದರೆ ಸಾಕು. ಅರ್ಧ ಪುಸ್ತಕ, ಅರ್ಧ ಕೆಲಸ.

ಆ ಸಂಜೆಯೆಲ್ಲ ವರ್ಷದ ಲೆಕ್ಕಾಚಾರ ನಡೆಯಿತು. ಶಾಲೆಗಳ ಸಮವಸ್ತ್ರ ಬರುವ ತಿಂಗಳುಗಳಲ್ಲಿ ಉಸಿರಾಡಲೂ ಪುರುಸೊತ್ತಿರುವುದಿಲ್ಲ, ಆಗ ತೆಳ್ಳಗೆ ಉಳಿದಿರುವವು. ಮದುವೆ ಕೋಟುಗಳ ಕಾಲ ಮುಗಿದ ಮೇಲೆ ಕೈ ಖಾಲಿ, ಆಗ ದಪ್ಪನವು. ಉಳಿದ ಅರ್ಧವನ್ನು ಬೆರಳಲ್ಲಿ ಹಿಡಿದು, ಬಟ್ಟೆಯ ದಪ್ಪ ನೋಡುವ ಹಾಗೆ ಒತ್ತಿ ನೋಡಿ, ಹನ್ನೆರಡನ್ನು ಆರಿಸಿ ಕಿಟಕಿಯ ಕಟ್ಟೆಯ ಮೇಲೆ ಒಂದರ ಮೇಲೊಂದು ಪೇರಿಸಿದಳು. ಎಲ್ಲಕ್ಕಿಂತ ಮೇಲೆ ಜನವರಿ, ಅಡಿಯಲ್ಲಿ ಡಿಸೆಂಬರು. ಡಿಸೆಂಬರಿಗೆ ಬಂದದ್ದು ಬೂದು ಪಟ್ಟಿಯ ದಪ್ಪ ಪುಸ್ತಕ, ರೈಲ್ವೆ ಸ್ಟೇಷನ್ನಿನ ಪಕ್ಕ ಹೋಟೆಲು ನಡೆಸುವ ಗಂಡಹೆಂಡಿರ ಕಥೆ. ಅಂತೂ ಬರುವ ವರ್ಷಕ್ಕೆ ಮಾಡಲು ಏನೋ ಒಂದು ಇದೆ ಅಂತ ಆ ದಿನ ನಿದ್ದೆ ಚೆನ್ನಾಗಿ ಬಂತು.

ಜನವರಿಯದು ಹಡಗಿನ ಅಡುಗೆಯವನ ಕಥೆ. ಗಂಡ ಹೇಳಿದ ಪ್ರಕಾರ ಆ ಅಡುಗೆಯವನು ಊರೂರು ಸುತ್ತಿ, ಕ್ಯಾಪ್ಟನ್ನಿನ ಜೊತೆ ಜಗಳವಾಡಿ, ಕೊನೆಗೆ ಬಂದರಿನಲ್ಲೇ ಅಂಗಡಿ ಹಾಕಿಕೊಂಡು ಸುಖವಾಗಿರುತ್ತಾನೆ. ಪಟ್ಟಿ ತೆಗೆದು ಓದಲು ಕೂತರೆ ಮೊದಲ ಸಾಲಿನಲ್ಲೇ ಒಬ್ಬಳು ಹುಡುಗಿ ಕೆಮ್ಮುತ್ತಿದ್ದಾಳೆ. ಯಾರಿವಳು? ಅಡುಗೆಯವನ ಮಗಳಂತೆ. ಕಾಜದಕ್ಕನಿಗೆ ಅವಳ ಪರಿಚಯವೇ ಇಲ್ಲ. ಮುಂದೆ ಕೆಲವು ಪುಟಕ್ಕೆ ಆ ಹುಡುಗಿ ಸತ್ತೇ ಹೋದಳು. ಆಮೇಲೆ ಅಡುಗೆಯವನು ಹಡಗೂ ಹತ್ತಲಿಲ್ಲ, ಅಂಗಡಿಯನ್ನೂ ಹಾಕಲಿಲ್ಲ, ಬಂದರಿನಲ್ಲಿ ಹುಚ್ಚನ ಹಾಗೆ ಅಲೆದು ಕಥೆ ಮುಗಿಯಿತು.

ಆಕೆಯ ಮೈ ಉರಿದುಹೋಯಿತು. ಅಲ್ಲ, ಒಂದು ಹುಡುಗಿಯನ್ನೇ ಕಥೆಯಿಂದ ಎತ್ತಿ ಬಿಸಾಡಿದ್ದಾನಲ್ಲ ಈ ಮನುಷ್ಯ. ಮನೆಯ ಮಗಳ ಬಟ್ಟೆಯನ್ನು ಚೀಲಕ್ಕೆ ತುಂಬಿ ಆಚೆ ಹಾಕಿದ ಹಾಗೆಯೇ ಪುಸ್ತಕದ ಮಗಳನ್ನೂ ಆಚೆ ಹಾಕಿದ್ದಾನೆ. ಸತ್ತ ಮೇಲೂ ಇವನ ಬುದ್ಧಿ ಇದೇ ಅಂತ ಗೋಡೆಯ ಫೋಟೋದ ಕಡೆ ನೋಡದೆ ದೀಪ ಆರಿಸಿದಳು. ಲೈಬ್ರರಿಯಲ್ಲಿ ಮೇಡಮ್ಮು ಕನ್ನಡಕದ ಮೇಲಿನಿಂದ ನೋಡಿ, "ಇದು ಯಾಕೆ ಅರ್ಧಕ್ಕೆ ನಿಂತಿತ್ತು?" ಅಂತ ಕೇಳಿದರು.

"ಓದ್ತಿದ್ದ ಮನುಷ್ಯನಿಗೆ ಮಕ್ಕಳು ಅಂದ್ರೆ ಆಗ್ತಿರ್ಲಿಲ್ಲ."

ಮೇಡಮ್ಮು ಮುದ್ರೆ ಒತ್ತಿದರು. ಅಲ್ಲಿ ಬರುವ ಉತ್ತರಗಳೆಲ್ಲ ಅಂಥವೇ. ಕರೆಂಟು ಹೋಯಿತು, ಮೊಮ್ಮಗ ಕೊನೆಯ ಪುಟ ಹರಿದ, ಅಕ್ಷರ ಸಣ್ಣದು.

ಫೆಬ್ರವರಿಯ ಪುಸ್ತಕದಲ್ಲಿ ಹಿಟ್ಟಿನ ಗಿರಣಿಗಾಗಿ ಕಿತ್ತಾಡುವ ಅಣ್ಣತಮ್ಮಂದಿರು. ಗಂಡನ ಕಥೆಯಲ್ಲಿ ಇಬ್ಬರಿಗೂ ಮಕ್ಕಳಿರಲಿಲ್ಲ, ಕೊನೆಗೆ ಒಂದಾಗುತ್ತಿದ್ದರು. ಪುಸ್ತಕದಲ್ಲಿ ತಮ್ಮನಿಗೊಬ್ಬ ಪುಟ್ಟ ಮಗ, ಪಟ್ಟಿ ದಾಟಿದ ಕೂಡಲೇ ಹೊಳೆಯ ಪಾಲು. ಕಾಜದಕ್ಕ ಭಾನುವಾರಕ್ಕೆ ಕಾದು ಕೂತಳು.

"ನಿಮ್ಮಣ್ಣ ನನಗೆ ಹೇಳಿದ್ದೆಲ್ಲ ಬರೀ ಸುಳ್ಳು. ಮಕ್ಕಳನ್ನ ಕಂಡ್ರೆ ಸಾಕು, ಕಥೆಯಿಂದ ಓಡಿಸಿಬಿಡ್ತಿದ್ರು."

"ಹೋಗ್ಲಿ ಬಿಡು ಅತ್ತಿಗೆ. ಸತ್ತೋರ ಮೇಲೆ ಎಂಥ ಸಿಟ್ಟು?"

"ಬದುಕಿದ್ದಾಗ ಮಾಡಿದ್ದು ಸಾಲ್ಲಿಲ್ಲ" ಅಂದಳು ಆಕೆ. ನಾದಿನಿ ಎಂದೂ ಇಲ್ಲದವಳು ಅಂದು ಬೇಗ ಎದ್ದು ಹೋದಳು.

ಮಾರ್ಚಿನದು ಸೇತುವೆ ಕಟ್ಟುವ ಎಂಜಿನಿಯರನ ಕಥೆ. ಇದರಲ್ಲಿ ಯಾವ ಮಗುವನ್ನು ನುಂಗಿದ್ದಾನೋ ನೋಡೇ ಬಿಡೋಣ ಅಂತ ಹಲ್ಲು ಕಚ್ಚಿಕೊಂಡು ಓದಿದಳು. ಎಲ್ಲಿ? ಪಟ್ಟಿಯಿಂದ ಆಚೆಗೆ ಒಂದು ಮಗುವೂ ಇಲ್ಲ. ಯಾರೂ ಸಾಯುವುದೂ ಇಲ್ಲ. ಮಳೆ ಬರುತ್ತದೆ, ಕಂಬ ವಾಲುತ್ತದೆ, ಎಂಜಿನಿಯರ್ ಬೈಸಿಕೊಳ್ಳುತ್ತಾನೆ, ಸೇತುವೆ ನಿಲ್ಲುತ್ತದೆ. ಗಂಡ ಹೇಳಿದ ಕೊನೆಗೂ ಪುಸ್ತಕದ ಕೊನೆಗೂ ಅಂಥ ವ್ಯತ್ಯಾಸವಿಲ್ಲ. ಹಾಗಾದರೆ ಇಲ್ಲಿ ಯಾಕೆ ನಿಂತ? ಆಕೆಗೆ ತಲೆ ಕೆಟ್ಟುಹೋಯಿತು. ಬೆಳಿಗ್ಗೆ ಪಟ್ಟಿಯನ್ನು ಎಲ್ಲಿತ್ತೋ ಅಲ್ಲೇ ಇಡೋಣ ಅಂತ ಪುಟ ಬಿಡಿಸಿದಾಗ ಕಣ್ಣು ಮೊದಲ ಸಲ ಪಟ್ಟಿಯ ಎಡಗಡೆಗೆ, ಅಂದರೆ ಅವನು ಕೊನೆಯದಾಗಿ ಓದಿದ ಪುಟಕ್ಕೆ ಹೋಯಿತು. ಮೂರು ತಿಂಗಳಿಂದ ಆಕೆ ಆ ಕಡೆ ನೋಡಿಯೇ ಇರಲಿಲ್ಲ. ಕೇಳಿದ ಕಥೆ ತಾನೇ ಅಂತ.

ಎಂಜಿನಿಯರ್ ಬಾಯಾರಿ ಕೂಲಿಯವರ ಗುಡಿಸಲಿನ ಬಾಗಿಲು ತಟ್ಟುತ್ತಾನೆ. ಒಬ್ಬಳು ಸಣ್ಣ ಹುಡುಗಿ ನೀರು ತಂದುಕೊಡುತ್ತಾಳೆ. ಅವಳು ಬೂಟುಗಳನ್ನು ಅದಲುಬದಲಾಗಿ ಹಾಕಿಕೊಂಡಿದ್ದಾಳೆ, ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಅಷ್ಟೇ. ಒಂದೇ ಸಾಲು. ಆ ಹುಡುಗಿ ಮತ್ತೆ ಪುಸ್ತಕದಲ್ಲಿ ಎಲ್ಲೂ ಬರುವುದಿಲ್ಲ.

ಕಾಜದಕ್ಕ ಆ ಸಾಲಿನ ಮೇಲೆ ಬೆರಳಿಟ್ಟಳು. ಅವರ ಮಗಳು ಶಾಲೆಗೆ ಹೊರಡುವಾಗ ದಿನಾ ಬೂಟು ಅದಲುಬದಲು ಹಾಕಿಕೊಳ್ಳುತ್ತಿದ್ದಳು. ಎರಡರ ಮೂತಿಯೂ ಆಚೀಚೆ ತಿರುಗಿರುತ್ತಿತ್ತು. ಕೇಳಿದರೆ, "ಇವಕ್ಕೆ ಜಗಳ ಆಗಿದೆ ಅಪ್ಪ, ಮಾತು ಬಿಟ್ಟಿವೆ" ಅನ್ನುತ್ತಿದ್ದಳು. ಅವನು ಡ್ಯೂಟಿಗೆ ಹೊರಟವನು ಹೊಸ್ತಿಲಲ್ಲಿ ಕುಕ್ಕರಗಾಲಲ್ಲಿ ಕೂತು, "ಬನ್ರಪ್ಪ, ರಾಜಿ ಮಾಡಿಸ್ತೀನಿ" ಅಂತ ಬೂಟು ಬಿಚ್ಚಿ ಸರಿಮಾಡಿ ಹಾಕುತ್ತಿದ್ದ. ದಿನಾ ಲೇಟು, ದಿನಾ ಬೈಗುಳ. ಆಕೆ ಇದನ್ನು ಮರೆತೇಬಿಟ್ಟಿದ್ದಳು. ಹೆತ್ತ ತಾಯಿ ಮರೆತಿದ್ದಳು, ಅವನು ಮರೆತಿರಲಿಲ್ಲ.

ಪುಟದ ಮೂಲೆ ಕಪ್ಪಗಿತ್ತು. ಲಿಫ್ಟಿನ ಜಾಲರಿ ಬಾಗಿಲಿನ ಗ್ರೀಸು ಅವನ ಹೆಬ್ಬೆರಳಿಂದ ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ. ಅದರ ಹಿಂದಿನ ಪುಟಗಳ ಮೇಲೂ ಬೆರಳಿನ ಗುರುತು ತೆಳ್ಳಗೆ ಇತ್ತು, ಓದಿ ತಿರುವಿದಷ್ಟು, ಮುಂದಿನವುಗಳ ಮೇಲೆ ಒಂದೂ ಇಲ್ಲ. ಈ ಒಂದು ಪುಟ ಮಾತ್ರ ಮೂಲೆ ಮೆತ್ತಗಾಗಿ ಹಳೇ ಬಟ್ಟೆಯ ಹಾಗಾಗಿತ್ತು. ಇಲ್ಲಿ ಅವನು ಒಂದು ದಿನ ಕೂತಿಲ್ಲ, ಎಷ್ಟೋ ದಿನ ಕೂತಿದ್ದಾನೆ. ಮೇಲೆ ಹೋಗುತ್ತ ಒಂದು ಸಲ, ಕೆಳಗೆ ಬರುತ್ತ ಒಂದು ಸಲ ಆ ಹುಡುಗಿಯ ಕೈಯಿಂದ ನೀರು ಇಸಿದುಕೊಂಡಿದ್ದಾನೆ.

ಆವತ್ತು ಅಂಗಡಿಯಿಂದ ಬಂದ ಗಂಟನ್ನು ಆಕೆ ಬಿಚ್ಚಲೇ ಇಲ್ಲ. ಕಿಟಕಿಯ ಕಟ್ಟೆಯ ಮೇಲಿದ್ದ ಎಲ್ಲ ಪುಸ್ತಕಗಳನ್ನೂ, ಓದಿ ಮುಗಿಸಿದ ಎರಡನ್ನೂ ನೆಲಕ್ಕೆ ಇಳಿಸಿ, ಪಟ್ಟಿಯ ಎಡಗಡೆಯ ಪುಟವನ್ನೇ ನೋಡುತ್ತ ಹೋದಳು. ಹಡಗಿನ ಅಡುಗೆಯವನು ಮಗಳಿಗೆ ರಿಬ್ಬನ್ನು ಕೊಳ್ಳುತ್ತಿದ್ದಾನೆ. ಗಿರಣಿಯ ತಮ್ಮ ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊಳೆ ತೋರಿಸುತ್ತಿದ್ದಾನೆ. ಇನ್ನೊಂದರಲ್ಲಿ ಹುಡುಗಿಯೊಬ್ಬಳು ಹಲ್ಲು ಬಿದ್ದದ್ದನ್ನು ಅಂಗೈಯಲ್ಲಿ ಹಿಡಿದು ಓಡಿ ಬರುತ್ತಿದ್ದಾಳೆ. ಎಲ್ಲ ಪುಸ್ತಕದಲ್ಲೂ ಮಗು ಇನ್ನೂ ಇದೆ. ಇರುವ ಪುಟದಲ್ಲೇ ಅವನು ನಿಂತಿದ್ದಾನೆ, ಮುಂದಿನ ಪುಟಕ್ಕೆ ಹೋಗಿಲ್ಲ. ಅಲ್ಲಿಂದ ಮುಂದಕ್ಕೆ ಆಕೆಗೆ ಹೇಳಿದ್ದೆಲ್ಲ ಅವನೇ ಊಹಿಸಿ ಕಟ್ಟಿದ್ದು. ಎಲ್ಲ ಪುಟದ ಮೂಲೆಯೂ ಕಪ್ಪು.

ಪಟ್ಟಿಗಳನ್ನು ನೋಡಿದಳು. ಆಕೆಗೆ ಬಟ್ಟೆ ನೋಡಿದರೆ ವರ್ಷ ಗೊತ್ತಾಗುತ್ತದೆ. ಹಸಿರು ಚೌಕುಳಿ ಮಗಳು ಹೋದ ಮರುವರ್ಷ ಬಂದ ಸಮವಸ್ತ್ರದ್ದು. ಕೆಂಪು ದಪ್ಪ ಬಟ್ಟೆ ಹೋಟೆಲಿನ ಹುಡುಗರ ಜಾಕೀಟು, ಅದು ಅದಾದ ಕೆಲವು ವರ್ಷಕ್ಕೆ. ನೀಲಿ, ಕಂದು, ಗೀಟಿನದು, ಒಂದೊಂದೂ ಒಂದೊಂದು ಕಾಲದ್ದು. ಬೂದು ಬಣ್ಣದ್ದು ಹೋದ ವರ್ಷದ ಕೋಟಿನದು. ಆ ಕೋಟಿನ ಕಾಜ ನಾಲ್ಕು ಸಲ ಬಿಚ್ಚಿ ಹೊಲಿದಿದ್ದಳು, ಅದರ ಮುಂದಿನ ತಿಂಗಳೇ ಅವನು ಸತ್ತದ್ದು. ಅಂದರೆ ಮಗಳು ಹೋದಾಗಿನಿಂದ ತಾನು ಹೋಗುವ ತನಕ ಅವನು ಇದನ್ನೇ ಮಾಡುತ್ತಿದ್ದ. ಎದುರಿಗೆ ಕೂತು ಕಥೆ ಹೇಳುತ್ತಿದ್ದಾಗ, ಆಕೆ ತಲೆಯೆತ್ತದೆ ಮನಸ್ಸಿನಲ್ಲೇ ಕಲ್ಲು ಕಲ್ಲು ಅಂತ ಬೈಯುತ್ತಿದ್ದಾಗ, ಅವನು ಒಳಗೆ ಇದನ್ನಿಟ್ಟುಕೊಂಡು ಕೂತಿದ್ದ.

ಬೂದು ಪಟ್ಟಿಯ ಪುಸ್ತಕವನ್ನು ಕೊನೆಗೆ ಬಿಡಿಸಿದಳು. ಹೋಟೆಲಿನ ಗಂಡಹೆಂಡಿರಿಗೂ ಒಬ್ಬಳು ಮಗಳು. ಜ್ವರ ಏರಿದೆ. ತಾಯಿ ಒದ್ದೆ ಬಟ್ಟೆ ಹಿಂಡುತ್ತಿದ್ದಾಳೆ. ತಂದೆ ಡಾಕ್ಟರನ್ನು ಕರೆತರಲು ಹೊರಟಿದ್ದಾನೆ. ಬಾಗಿಲಲ್ಲಿ ನಿಂತು ತಿರುಗಿ ನೋಡುತ್ತಾನೆ. ಅಲ್ಲಿಗೆ ಪುಟ ಮುಗಿಯಿತು.

ಆಕೆ ಪುಸ್ತಕ ಮುಚ್ಚಿ ಎದೆಗೆ ಒತ್ತಿಕೊಂಡಳು. ಅವರ ಮಗಳಿಗೂ ಹೀಗೇ ಜ್ವರ ಏರಿತ್ತು. ಮಂಜುಗಡ್ಡೆ ತನ್ನಿ ಅಂತ ಆಕೆಯೇ ಅವನನ್ನು ಓಡಿಸಿದ್ದಳು. ಹತ್ತಿರದ ಅಂಗಡಿ ಮುಚ್ಚಿತ್ತು, ದೂರದ್ದಕ್ಕೆ ಹೋದ. ಅವನು ಮಂಜುಗಡ್ಡೆ ಹಿಡಿದು ಮನೆಗೆ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಚೀಲದಿಂದ ನೀರು ತೊಟ್ಟಿಕ್ಕುತ್ತಿತ್ತು, ಅವನು ಹೊಸ್ತಿಲು ದಾಟದೆ ಹಾಗೇ ನಿಂತಿದ್ದ. ಆಗ ಆಕೆ ಅಂದದ್ದು ಏನು? "ಇರಬೇಕಾದಾಗ ಇರಲಿಲ್ಲ, ಈಗ ಯಾಕೆ ಬಂದ್ರಿ?" ಸಂಕಟದಲ್ಲಿ ಬಂದ ಮಾತು, ನಿಜ. ಯಾರ ಬಾಯಲ್ಲಾದರೂ ಬರುತ್ತಿತ್ತು. ಆದರೆ ಆಮೇಲೆ ಅದನ್ನು ವಾಪಸು ತೆಗೆದುಕೊಳ್ಳಲು ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಸಮಯವಿತ್ತು. ತೆಗೆದುಕೊಳ್ಳಲಿಲ್ಲ.

ತಿಂಗಳ ಕೊನೆಗೆ ಸೇತುವೆಯ ಪುಸ್ತಕ ಹಿಡಿದು ಲೈಬ್ರರಿಗೆ ಹೋದಳು. ಮೇಡಮ್ಮು ಕಾರ್ಡು ತೆಗೆದು, ಮುದ್ರೆ ಕೈಯಲ್ಲಿ ಹಿಡಿದು, ಇದು ಯಾಕೆ ನಿಂತಿತ್ತು ಅಂತ ಕೇಳಿದರು.

"ನಮಗೊಬ್ಬಳು ಮಗಳಿದ್ದಳು" ಅಂದಳು ಕಾಜದಕ್ಕ.

ಮೇಡಮ್ಮು ಮುದ್ರೆ ಕೆಳಗಿಟ್ಟು, ಎದ್ದು ಬಂದು, ಆಕೆಯನ್ನು ಬೆಂಚಿನ ಮೇಲೆ ಕೂರಿಸಿ, ತಾವೂ ಪಕ್ಕದಲ್ಲಿ ಕೂತರು. ಪುಸ್ತಕ ವಾಪಸು ಮಾಡಲು ಬಂದ ಒಂದಿಬ್ಬರು ಮೇಜಿನ ಮೇಲೇ ಇಟ್ಟು ಹೋದರು.

ಭಾನುವಾರ ನಾದಿನಿಗೆ ಎಲ್ಲ ತೋರಿಸಿದಳು. ಅವಳು ಪಟ್ಟಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಆಮೇಲೆ ಸಿಟ್ಟು ಬಂತು.

"ವಾರ ವಾರ ಬರ್ತಿದ್ನಲ್ಲ ನಾನು, ಇಬ್ರಲ್ಲಿ ಒಬ್ರಾದ್ರೂ ಹೇಳಬಾರದಿತ್ತಾ? ನೀನು ಕಲ್ಲು ಅಂದೆ, ನಾನೂ ಹೂಂ ಅಂದೆ. ನನ್ನ ಅಣ್ಣನ್ನ ನಾನೇ ಕಲ್ಲು ಅಂದೆ."

"ಅವರು ಹೇಳ್ತಿದ್ರೇನೋ. ನಾನು ಮುಖ ಕೊಡ್ಲಿಲ್ಲ."

"ಅವನಾದ್ರೂ ಬಾಯಿ ಬಿಡಬೇಕಿತ್ತು."

"ಬಿಟ್ಟಿದ್ರಲ್ಲ ದಿನಾ. ಬಂದು ಕೂತು ಕಥೆ ಹೇಳ್ತಿದ್ರಲ್ಲ. ಮಕ್ಕಳ ವಿಷಯ ಬಂದ್ರೆ ನನಗೆ ನೋವಾಗುತ್ತೆ ಅಂತ ಅದನ್ನ ತೆಗೆದು ತೆಗೆದು ಹೇಳ್ತಿದ್ರು. ಒಂದು ಸಲ ತಲೆ ಎತ್ತಿ, ಆಮೇಲೇನಾಯ್ತು ಅಂತ ನಾನು ಕೇಳಿದ್ದಿದ್ರೆ ಸಾಕಿತ್ತು."

ನಾದಿನಿ ಸೆರಗಿನಲ್ಲಿ ಮೂಗೊರೆಸಿಕೊಂಡು, "ಇನ್ನು ಈ ಪಂಥಗಿಂಥ ಬಿಟ್ಟುಬಿಡು, ಸುಮ್ನೆ ಜೀವ ತಿನ್ನುತ್ತೆ" ಅಂದಳು. ಕಾಜದಕ್ಕ ಬಿಡಲಿಲ್ಲ. ಪುಸ್ತಕಗಳನ್ನು ಮತ್ತೆ ಕಟ್ಟೆಯ ಮೇಲೆ ಪೇರಿಸಿದಳು. ಆದರೆ ಯೋಜನೆ ಬದಲಾಯಿತು. ಅರ್ಧದಿಂದ ಓದುವುದು ಮುಗಿಯಿತು. ಏಪ್ರಿಲಿನಿಂದ ಎಲ್ಲವನ್ನೂ ಮೊದಲ ಪುಟದಿಂದ ಓದಿದಳು. ಸಂಜೆ ಟೀ ಕುಡಿದು, ಅವನು ಒರಗುತ್ತಿದ್ದ ಗೋಡೆಯ ಎದುರು ಕೂತು, ಬಾಯಿಬಿಟ್ಟು ಓದಿದಳು. ಅವನು ನಿಂತ ಪುಟ ಬಂದಾಗ ತಾನೂ ಸ್ವಲ್ಪ ನಿಲ್ಲುತ್ತಿದ್ದಳು. ಆಮೇಲೆ ಪಟ್ಟಿ ಸರಿಸಿ ಮುಂದಿನ ಪುಟಕ್ಕೆ ಹೋಗುತ್ತಿದ್ದಳು. ಒಬ್ಬನ ಕೈಯಲ್ಲಿ ಆಗದ್ದು ಅದು. ಇಬ್ಬರಿದ್ದರೆ ಆಗುತ್ತಿತ್ತೋ ಏನೋ. ಆ ಮಕ್ಕಳಲ್ಲಿ ಕೆಲವರು ಸತ್ತರು, ಒಬ್ಬ ಕಳೆದುಹೋದ, ಹಲ್ಲು ಬಿದ್ದ ಹುಡುಗಿ ಬೆಳೆದು ಮದುವೆಯಾಗಿ ಅಪ್ಪನನ್ನೇ ಮರೆತಳು. ಎಲ್ಲವನ್ನೂ ಓದಿದಳು. ಸಮವಸ್ತ್ರದ ತಿಂಗಳುಗಳಲ್ಲಿ ಬೆರಳು ಊದಿಕೊಂಡು ಪುಟ ತಿರುವಲು ಆಗದಿದ್ದರೂ ಬಿಡಲಿಲ್ಲ. ಮದುವೆ ಕೋಟುಗಳು ಬಂದವು, ಹೋದವು. ಕಟ್ಟೆಯ ಮೇಲೆ ಕೊನೆಗೆ ಒಂದೇ ಉಳಿಯಿತು.

ಅದನ್ನು ಮುಟ್ಟಲು ಆಕೆಗೆ ಧೈರ್ಯ ಸಾಲಲಿಲ್ಲ. ಡಿಸೆಂಬರ್ ಅರ್ಧ ಕಳೆಯಿತು. ಮೇಡಮ್ಮು ದಾರಿಯಲ್ಲಿ ಸಿಕ್ಕಾಗ, "ಒಂದು ಉಳಿದರೆ ಉಳೀಲಿ ಬಿಡಿ, ನಾನು ಮುದ್ರೆ ಒತ್ತಿಬಿಡ್ತೀನಿ" ಅಂದರು. "ಮುದ್ರೆಗಲ್ಲ ಮೇಡಮ್, ಅವರನ್ನ ಬಾಗಿಲಲ್ಲೇ ನಿಲ್ಲಿಸಿದೀನಿ" ಅಂದಳು ಆಕೆ. ಮೇಡಮ್ಮಿಗೆ ಅರ್ಥವಾಗಲಿಲ್ಲ, ಕೇಳಲೂ ಇಲ್ಲ.

ಕಡೆಗೊಂದು ಸಂಜೆ ಕೂತಳು. ಮೊದಲರ್ಧ ಕೆಲವು ದಿನ ಹಿಡಿಯಿತು. ಹೋಟೆಲಿನ ಹುಡುಗಿ ಬಲು ತುಂಟಿ, ಗಿರಾಕಿಗಳ ಟೋಪಿ ಬಚ್ಚಿಡುವವಳು. ಅವನು ಆಕೆಗೆ ಹೇಳಿದ ಕಥೆಯಲ್ಲಿ ಟೋಪಿ ಬಚ್ಚಿಡುವುದು ಹೋಟೆಲಿನ ಬೆಕ್ಕಾಗಿತ್ತು. ಅದು ನೆನಪಾಗಿ ನಗು ಬಂತು. ಜ್ವರದ ಪುಟ ಬಂತು. ತಾಯಿ ಬಟ್ಟೆ ಹಿಂಡಿದಳು. ತಂದೆ ಬಾಗಿಲಲ್ಲಿ ತಿರುಗಿ ನೋಡಿದ. ಆಕೆ ಬೂದು ಪಟ್ಟಿಯನ್ನು ತೆಗೆದು ಮಡಿಲಲ್ಲಿಟ್ಟುಕೊಂಡಳು, ಪುಟ ತಿರುವಿದಳು.

ಡಾಕ್ಟರು ಮನೆಯಲ್ಲಿರಲಿಲ್ಲ. ತಂದೆ ಸ್ಟೇಷನ್ನಿಗೆ ಓಡಿದ, ಅಲ್ಲಿಂದ ಇನ್ನೊಂದು ಬೀದಿಗೆ ಓಡಿದ. ಯಾರೂ ಸಿಗಲಿಲ್ಲ. ಬರಿಗೈಯಲ್ಲಿ ವಾಪಸು ಬಂದ. ಮನೆಯ ದೀಪ ಕಂಡಿತು, ಒಳಗೆ ಸದ್ದಿಲ್ಲ. ಬಾಗಿಲು ತಳ್ಳಲು ಅವನಿಗೆ ಕೈ ಬರಲಿಲ್ಲ. ಕಾಜದಕ್ಕ ನಿಲ್ಲಿಸದೆ ಓದಿದಳು. ತಾಯಿಯೇ ಒಳಗಿನಿಂದ ಬಾಗಿಲು ತೆಗೆದಳು. ಜ್ವರ ಬಿಟ್ಟಿತ್ತು. ಹುಡುಗಿ ಹಾಸಿಗೆಯ ಮೇಲೆ ಎದ್ದು ಕೂತಿದ್ದಳು, ಹಸಿವು ಅಂತ ರಂಪ ಮಾಡುತ್ತಿದ್ದಳು, ಎಲ್ಲಿಗೆ ಹೋಗಿದ್ದೆ ಅಪ್ಪ ಅಂತ ಜಗಳ ತೆಗೆದಳು.

ಪಟ್ಟಿಯಿಂದ ಅಲ್ಲಿಗೆ ಬರೀ ಮೂರು ಪುಟ.

ಆಕೆ ಆ ಪುಟವನ್ನು ಮತ್ತೊಮ್ಮೆ ಓದಿದಳು, ತಪ್ಪಾಗಿ ಓದಿಲ್ಲ ತಾನೇ ಅಂತ. ಆಮೇಲೆ ಪುಸ್ತಕ ತೆರೆದೇ ಇಟ್ಟು ಗೋಡೆಯ ಕಡೆ ಬಾಗಿದಳು.

"ರೀ, ಇಲ್ಕೇಳಿ. ಅವಳು ಬದುಕಿದಾಳೆ ಕಣ್ರೀ. ಇನ್ನು ಮೂರೇ ಪುಟ ಇತ್ತು. ಅವಳು ಎದ್ದು ಕೂತಿದಾಳೆ. ಅಪ್ಪ ಬಂದಿದಾನೆ, ಯಾರೂ ಬೈದಿಲ್ಲ ಅವನಿಗೆ. ಒಳಗೆ ಬನ್ನಿ."

ಮಗಳಿಗಾಗಿ ಆಕೆ ಬೇಕಾದಷ್ಟು ಅತ್ತಿದ್ದಳು. ಗಂಡನಿಗಾಗಿ ಅತ್ತದ್ದು ಅವತ್ತೇ ಮೊದಲು.